ಇಂಜಿನಿಯರೂ ಆತನ ಕಿವಿಯೂ



ಇಂಜಿನಿಯರ ಅಂಗಗಳಲ್ಲಿ ಯಾವುದು ಹೆಚ್ಚಾಗಿ ದುಡಿಯಬೇಕೆಂದು ಕೇಳಿದರೆ ಕೆಲವರು ಕಣ್ಣೆನ್ನುವರು, ಕೆಲವರು ಕೈಯೆನ್ನುವರು, ಬಹುಮಂದಿ ಮಿದುಳೆನ್ನುವರು. ನಕ್ಷೆಯನ್ನು ಓದುವುದಕ್ಕೆ ಕಣ್ಣು ಬೇಕು. ಬರೆಯುವುದಕ್ಕೆ ಕೈ ಬೇಕು. ಲೆಕ್ಕ ಹಾಕುವುದಕ್ಕೆ ಮಿದುಳು ಬೇಕು. ಈ ಮೂರನ್ನೂ ಕಾಲೇಜುಗಳಲ್ಲಿ ನಾಲ್ಕು ವರ್ಷಗಳ ಕಾಲ ತಿದ್ದಿ ತೀಡಿ, ಪರೀಕ್ಷೆಗೊಡ್ಡಿ, ಕೊನೆಗೆ ಪದವಿಯನ್ನು ಕೊಡುತ್ತಾರೆ. ಕಿವಿಯನ್ನು ಮಾತ್ರ ಯಾರೂ ಪರೀಕ್ಷಿಸುವುದಿಲ್ಲ. ಅದು ಹುಟ್ಟುವಾಗಲೇ ತಲೆಯ ಎರಡು ಪಕ್ಕಗಳಲ್ಲಿ ಬಂದಿರುವುದರಿಂದ ಅದಕ್ಕೆ ಶಿಕ್ಷಣವೇಕೆಂದು ಎಲ್ಲರೂ ಭಾವಿಸಿದ್ದಾರೆ. ಈ ಭಾವನೆ ಎಷ್ಟು ಬೆಲೆ ತೆಗೆದುಕೊಂಡಿದೆಯೆಂಬುದನ್ನು ಕುರಿತು ಈ ದಿನ ಕೆಲವು ಮಾತುಗಳನ್ನು ಅರಿಕೆಮಾಡಬೇಕೆಂದಿದ್ದೇವೆ.

ನಮ್ಮ ಹಿರಿಯರು ಈ ವಿಷಯದಲ್ಲಿ ಅಲಕ್ಷ್ಯವುಳ್ಳವರಾಗಿರಲಿಲ್ಲ. ವಿದ್ವಾಂಸನನ್ನು ಅವರು ‘ಬಹುಶ್ರುತ’ನೆಂದು ಕರೆದರು, ಬಹಳವಾಗಿ ಕೇಳಿದವನೆಂದು ಆ ಪದದ ಅರ್ಥ. ಶ್ರವಣ, ಮನನ, ನಿದಿಧ್ಯಾಸನಗಳೆಂದು ಜ್ಞಾನದ ಮೂರು ಮೆಟ್ಟಿಲುಗಳನ್ನು ಹೇಳಿದಾಗಲೂ ಶ್ರವಣವನ್ನೇ ಮೊದಲನೆಯದಾಗಿ ಇಟ್ಟರು. ಕೇಳುವುದು, ಕೇಳಿದುದನ್ನು ಮನಸ್ಸಿನಲ್ಲಿ ತೂಗಿ ನೋಡುವುದು, ತೂಗಿ ನೋಡಿದುದನ್ನು ಬಿಡದೆ ಹಿಡಿದು ನಡೆಯುವುದು, ಹೀಗೆ ಮೂರೂ ಕೂಡಿದರೆ ಮಾತ್ರ ಕೇಳಿದಂತಾಯಿತು. ಆತ್ಮವಿದ್ಯೆಗೆಂದು ಹೇಳಿದ ಈ ಕ್ರಮವು ಸೇತುವೆಗೂ ಅಣೆಕಟ್ಟಿಗೂ ಯಂತ್ರಶಾಲೆಗೂ ಚೆನ್ನಾಗಿಯೇ ಹೊಂದುತ್ತದೆಯೆಂದು ನಮ್ಮ ನಂಬಿಕೆ.

ಯಂತ್ರದ ಮಾತನ್ನು ಕೇಳುವುದರಲ್ಲಿ ಇಂಜಿನಿಯರು ಹಿಂದೆ ಬಿದ್ದವನಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಉಗಿಬಂಡಿಯ ಕಾಲದಲ್ಲಿ, ಗಾಡಿಯು ನಿಲ್ದಾಣದಲ್ಲಿ ನಿಂತೊಡನೆ, ಉದ್ದ ಹಿಡಿಯ ಸುತ್ತಿಗೆಯನ್ನು ಹಿಡಿದು ಚಕ್ರಗಳನ್ನು ಒಂದೊಂದಾಗಿ ತಟ್ಟುತ್ತ ಹೋಗುವ ಕೆಲಸಗಾರನೊಬ್ಬನಿರುತ್ತಿದ್ದನು. ಗಂಟೆಯಂತೆ ನಾದವು ಬಂದರೆ ಚಕ್ರವು ಗಟ್ಟಿ. ಒಡಕು ದನಿ ಬಂದರೆ ಎಲ್ಲಿಯೋ ಸೀಳು ಬಿಟ್ಟಿದೆ. ಕಾರ್ಖಾನೆಯ ಅನುಭವಸ್ಥ ಫಿಟ್ಟರು ಉಕ್ಕಿನ ಸರಳಿನ ಒಂದು ತುದಿಯನ್ನು ಬೇರಿಂಗಿನ ಮೇಲೆ ಊರಿ, ಇನ್ನೊಂದು ತುದಿಯನ್ನು ಕಿವಿಗೆ ಹತ್ತಿಸಿ, ಒಳಗೆ ಗುಂಡುಗಳು ಸವೆದಿವೆಯೇ ಎಂಬುದನ್ನು ಹೇಳಬಲ್ಲನು. ನಲ್ಲಿಯ ನೀರಿನ ಇಲಾಖೆಯವರು ಬೀದಿಯ ಸದ್ದು ಅಡಗಿದ ನಡುರಾತ್ರಿಯಲ್ಲಿ ಇಂಥದೇ ಕೋಲನ್ನು ಕೊಳವೆಗೆ ಒತ್ತಿ ಹಿಡಿದು, ನೆಲದೊಳಗೆ ನೀರು ಸೋರುವ ಸದ್ದನ್ನು ಕಂಡುಹಿಡಿಯುತ್ತಾರೆ.

ನಮ್ಮ ನಾಡಿನದೇ ಇನ್ನೊಂದು ನಿದರ್ಶನವನ್ನು ಹೇಳಬಹುದು. ಕೋಲಾರದ ಚಿನ್ನದ ಗಣಿಗಳು 2001ನೆಯ ಇಸವಿಯಲ್ಲಿ ಮುಚ್ಚುವವರೆಗೂ ಜಗತ್ತಿನ ಅತಿ ಆಳವಾದ ಗಣಿಗಳ ಸಾಲಿಗೆ ಸೇರಿದ್ದವು. ನೆಲಮಟ್ಟದಿಂದ 3 ಕಿಲೋಮೀಟರಿಗೂ ಕೆಳಗೆ ಅಲ್ಲಿ ಜನರು ದುಡಿದರು. ಅಷ್ಟು ಆಳದಲ್ಲಿ ಬಂಡೆಯು ತನ್ನ ಮೇಲಿನ ಭಾರವನ್ನು ತಾಳಲಾರದೆ ಹಠಾತ್ತಾಗಿ ಸಿಡಿಯುವುದುಂಟು. ಗಣಿಯ ಚಾವಣಿಯನ್ನು ಸರಳಿನಿಂದ ತಟ್ಟಿ ಕೇಳುವುದು ಗಣಿಗಾರನ ಹಳೆಯ ಪಾಠ. ಗಟ್ಟಿ ಬಂಡೆಯು ಖಣಿಲೆನ್ನುವುದು. ಬಿರುಕು ಬಿಟ್ಟು ಸಡಿಲವಾದ ಬಂಡೆಯು ಡೊಳ್ಳಿನಂತೆ ಟೊಳ್ಳು ದನಿಯನ್ನು ಕೊಡುವುದು. ಆ ದನಿಯನ್ನು ಕೇಳಿದವನು ತರ್ಕಮಾಡುತ್ತ ನಿಲ್ಲುವುದಿಲ್ಲ, ಹಿಂದಕ್ಕೆ ಸರಿಯುತ್ತಾನೆ.

ಬಂಡೆಯ ಮಾತನ್ನು, ಚಕ್ರದ ಮಾತನ್ನು, ಕೊಳವೆಯ ಮಾತನ್ನು ಇಷ್ಟು ವಿನಯದಿಂದ ಕೇಳುವ ವೃತ್ತಿಯವರು ಮನುಷ್ಯನ ಮಾತನ್ನು ಕೇಳುವಾಗ ಮಾತ್ರ ಎಡವುತ್ತಾರೆ. ಇದಕ್ಕೆ ಕಾರಣವಿಲ್ಲದಿಲ್ಲ. ಬಂಡೆಗೆ ಅಂತಸ್ತಿಲ್ಲ. ಚಕ್ರವು ನಮ್ಮ ಕೈಕೆಳಗಿನ ನೌಕರನಲ್ಲ. ಕೊಳವೆಯು ನಮ್ಮ ಲೆಕ್ಕದಲ್ಲಿ ತಪ್ಪಿದೆಯೆಂದು ಹೇಳಿದರೆ ನಮಗೆ ಅವಮಾನವಾಗುವುದಿಲ್ಲ. ಅದೇ ಮಾತನ್ನು ಮೇಸ್ತ್ರಿಯು ಹೇಳಿದರೆ, ನಿನ್ನೆ ಬಂದ ಹುಡುಗನು ಹೇಳಿದರೆ, ಗಾರೆ ಹೊರುವ ಹೆಂಗಸು ಹೇಳಿದರೆ, ಮನಸ್ಸು ಮೊದಲು ಹೇಳಿದವರ ಸ್ಥಾನವನ್ನು ಅಳೆಯುತ್ತದೆ. ಮಾತನ್ನು ಅಳೆಯುವುದು ಆಮೇಲಿನ ಕೆಲಸವಾಗುತ್ತದೆ.

ಇಂಜಿನಿಯರ ಕೆಲಸದಲ್ಲಿ ಇದು ಮಿಕ್ಕ ವೃತ್ತಿಗಳಿಗಿಂತ ಹೆಚ್ಚು ಅಪಾಯಕರವಾದುದು. ಏಕೆಂದರೆ ಒಂದು ಕಟ್ಟಡದ ಅಥವಾ ಯಂತ್ರದ ಜ್ಞಾನವು ಯಾವನೊಬ್ಬನ ತಲೆಯಲ್ಲಿಯೂ ಪೂರ್ತಿಯಾಗಿ ಇರುವುದಿಲ್ಲ. ಲೆಕ್ಕ ಹಾಕಿದವನು ಭಾರವನ್ನು ಬಲ್ಲನು; ಉಕ್ಕನ್ನು ಕತ್ತರಿಸಿದವನು ಉಕ್ಕಿನ ಗುಣವನ್ನು ಬಲ್ಲನು; ಜೋಡಿಸಿದವನು ಎಲ್ಲಿ ತೂತುಗಳು ಕೂಡಲಿಲ್ಲವೆಂಬುದನ್ನು ಬಲ್ಲನು; ನಡೆಸುವವನು ಅದರ ದಿನದಿನದ ಚಾಳಿಯನ್ನು ಬಲ್ಲನು. ಈ ತುಂಡು ತುಂಡು ತಿಳಿವಳಿಕೆಗಳನ್ನು ಒಂದುಗೂಡಿಸಲು ಇರುವ ದಾರಿ ಒಬ್ಬರ ಮಾತನ್ನೊಬ್ಬರು ಕೇಳುವುದೇ ಆಗಿದೆ. ಆ ದಾರಿಯು ಎಲ್ಲಿ ಮುಚ್ಚಿತೋ ಅಲ್ಲಿಂದ ಅನಾಹುತವು ಆರಂಭವಾಯಿತೆಂದು ತಿಳಿಯಬೇಕು.

ಕ್ಯಾನಡ ದೇಶದ ಕ್ವಿಬೆಕ್ ಸೇತುವೆಯ ಇತಿಹಾಸವು ಇದಕ್ಕೆ ಪ್ರಸಿದ್ಧವಾದ ಸಾಕ್ಷಿ. ಸೇಂಟ್ ಲಾರೆನ್ಸ್ ಮಹಾನದಿಗೆ, ಎರಡು ಕಡೆಗಳಿಂದಲೂ ಉಕ್ಕಿನ ತೋಳುಗಳನ್ನು ಚಾಚಿ ನಡುವೆ ಕೂಡಿಸುವಂಥ ಸೇತುವೆಯೊಂದನ್ನು ಈ ಶತಮಾನಕ್ಕೆ ಹಿಂದಿನ ಶತಮಾನದ ಆದಿಯಲ್ಲಿ ಕಟ್ಟತೊಡಗಿದರು. ಮುಖ್ಯ ಕಮಾನಿನ ಅಳತೆಯನ್ನು ಮೊದಲು 1600 ಅಡಿಯೆಂದು ಗೊತ್ತುಮಾಡಿದ್ದು, ಆಮೇಲೆ 1800 ಅಡಿಗೆ ಏರಿಸಿದರು. ಅಳತೆ ಏರಿದರೂ ಸೇತುವೆಯ ಸ್ವಂತ ಭಾರದ ಲೆಕ್ಕವನ್ನು ಸಕಾಲದಲ್ಲಿ ಹೊಸದಾಗಿ ಹಾಕಲಿಲ್ಲ. ಸಲಹೆಗಾರ ಇಂಜಿನಿಯರಾದ ಥಿಯೊಡೋರ್ ಕೂಪರರು ತಮ್ಮ ಕಾಲದ ಪ್ರಖ್ಯಾತರು. ವಯಸ್ಸಾದವರು, ಆರೋಗ್ಯ ಸಾಲದವರು. ಅವರು ನ್ಯೂಯಾರ್ಕಿನಲ್ಲಿದ್ದುಕೊಂಡೇ ಕೆಲಸವನ್ನು ನಡೆಸುತ್ತಿದ್ದರು. ಕೆಲಸದ ಸ್ಥಳದಲ್ಲಿ ಅವರ ಪರವಾಗಿ ಇದ್ದವರು ನಾರ್ಮನ್ ಮೆಕ್ಲೂರ್ ಎಂಬ ತರುಣ ಇಂಜಿನಿಯರು.

1907ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ಸೇತುವೆಯ ಕೆಳಭಾಗದ ಭಾರಿ ತೊಲೆಗಳು ಬಾಗುತ್ತಿರುವುದು ಕಾಣಿಸಿತು. ಒಂದು ತೊಲೆಯ ಬಾಗು ಮುಕ್ಕಾಲು ಅಂಗುಲವಿದ್ದುದು ಆ ತಿಂಗಳ 27ನೆಯ ತೇದಿಯ ಹೊತ್ತಿಗೆ ಎರಡೂಕಾಲು ಅಂಗುಲವಾಯಿತು. ಮೆಕ್ಲೂರರು ಅಳೆದರು, ಬರೆದರು, ತಿಳಿಸಿದರು. ಉತ್ತರವಾಗಿ ಬಂದುದೇನು? ಈ ತೊಲೆಗಳು ಕಾರ್ಖಾನೆಯಿಂದ ಬರುವಾಗಲೇ ಬಾಗಿದ್ದಿರಬೇಕೆಂದು ಕೆಲವರು ವಾದಿಸಿದರು. ಉಕ್ಕು ಬಾಗುತ್ತ ಹೋಗುತ್ತಿರಲು, ಅದು ಏಕೆ ಬಾಗಿರಲಾರದೆಂಬುದಕ್ಕೆ ಪತ್ರವ್ಯವಹಾರವು ನಡೆಯುತ್ತಿತ್ತು. ಕೊನೆಗೆ ಮೆಕ್ಲೂರರು ತಾವೇ ರೈಲು ಹತ್ತಿ ನ್ಯೂಯಾರ್ಕಿಗೆ ಹೋದರು. 29ನೆಯ ತೇದಿ ಕೂಪರರು ವಿಷಯವನ್ನು ಮುಖತಃ ಕೇಳಿದೊಡನೆ ಅದರ ತೂಕವನ್ನು ಅರಿತು, ಸೇತುವೆಯ ಮೇಲೆ ಇನ್ನು ಭಾರವನ್ನು ಹೇರಕೂಡದೆಂದು ತಂತಿ ಕಳುಹಿಸಿದರು. ಆ ತಂತಿಯು ಹೋದುದು ಉಕ್ಕಿನ ಕಂಪನಿಯ ಊರಾದ ಫೀನಿಕ್ಸ್‌ವಿಲ್ಲಿಗೆ. ಕೆಲಸ ನಡೆಯುತ್ತಿದ್ದ ಕ್ವಿಬೆಕ್ಕಿಗಲ್ಲ. ಫೀನಿಕ್ಸ್‌ವಿಲ್ಲಿನಲ್ಲಿ ಸಭೆ ಸೇರಿದವರು ನಿರ್ಣಯವನ್ನು ಮರುದಿನಕ್ಕೆ ಇಟ್ಟುಕೊಂಡರು. ಅದೇ ಸಂಜೆ, ದಿನದ ಕೆಲಸ ಮುಗಿಯುವ ಹೊತ್ತಿನಲ್ಲಿ, ಸುಮಾರು 19,000 ಟನ್ ಉಕ್ಕು ಕೆಲವೇ ಕ್ಷಣಗಳಲ್ಲಿ ಕುಸಿದುಬಿತ್ತು. ಮೇಲಿದ್ದ 86 ಮಂದಿಯಲ್ಲಿ 75 ಮಂದಿ ಸತ್ತರು. ಅವರಲ್ಲಿ ಮೂವತ್ತಕ್ಕೂ ಹೆಚ್ಚು ಜನರು ಒಂದೇ ಮೊಹಾಕ್ ಬುಡಕಟ್ಟಿನ ಊರಿನವರು.

ಈ ವೃತ್ತಾಂತದಲ್ಲಿ ಕಿವುಡರಾರೂ ಇಲ್ಲವೆಂಬುದನ್ನು ಗಮನಿಸಬೇಕು. ಬಾಗಿದೆಯೆಂಬ ಸುದ್ದಿಯು ಎಲ್ಲರ ಕಿವಿಗೂ ಬಿದ್ದಿತ್ತು. ಕೇಳಿದವನಿಗೆ ಅಧಿಕಾರವಿರಲಿಲ್ಲ, ಅಧಿಕಾರವಿದ್ದವನು ಕೇಳುವಷ್ಟು ಹತ್ತಿರದಲ್ಲಿರಲಿಲ್ಲ, ನಡುವೆ ಇದ್ದವರು ಕೇಳಿದುದಕ್ಕೆ ಸಮಾಧಾನಗಳನ್ನು ಹುಡುಕುತ್ತಿದ್ದರು. ಶ್ರವಣವಾಯಿತು, ಮನನವು ತಡವಾಯಿತು, ನಿದಿಧ್ಯಾಸನಕ್ಕೆ ಕಾಲವೇ ಉಳಿಯಲಿಲ್ಲ. ವಿಚಾರಣೆಗೆಂದು ಸರ್ಕಾರವು ನೇಮಿಸಿದ ಆಯೋಗವು, ಕೆಳತೊಲೆಗಳ ರಚನೆಯು ದುರ್ಬಲವಾಗಿದ್ದುದೇ ಮೂಲಕಾರಣವೆಂದು ಹೇಳಿತು. ರಚನೆಯ ದೋಷವು ಸೇತುವೆಯನ್ನು ಕೆಡವಿತು, ನಿಜ. ಆದರೆ ಆ 75 ಮಂದಿ ಆ ಸಂಜೆ ಸೇತುವೆಯ ಮೇಲೆ ಇದ್ದುದಕ್ಕೆ ಕಿವಿಯ ದೋಷವೇ ಕಾರಣವೆಂದು ನಾವು ಹೇಳುತ್ತೇವೆ.

ಇದು ತಂತಿಯ ಕಾಲದ ಮಾತು, ಈಗ ದೂರವಾಣಿಯುಂಟು, ಕ್ಷಣಮಾತ್ರದಲ್ಲಿ ಎಲ್ಲರೂ ಮಾತನಾಡಬಹುದೆಂದು ಕೆಲವರು ಹೇಳಬಹುದು. ಅದಕ್ಕೆ ಉತ್ತರವು ಅಮೆರಿಕದ ಚಾಲೆಂಜರ್ ಎಂಬ ವ್ಯೋಮನೌಕೆಯ ಕಥೆಯಲ್ಲಿದೆ. 1986ನೆಯ ಇಸವಿ ಜನವರಿ 27ರ ರಾತ್ರಿ, ಆ ನೌಕೆಯ ಮಗ್ಗುಲ ರಾಕೆಟ್ಟುಗಳನ್ನು ತಯಾರಿಸಿದ ಕಂಪನಿಯ ಇಂಜಿನಿಯರುಗಳು ದೂರವಾಣಿಯ ಸಭೆಯಲ್ಲಿ ಮೇಲಧಿಕಾರಿಗಳೊಡನೆ ಮಾತನಾಡಿದರು. ರಾಕೆಟ್ಟಿನ ಭಾಗಗಳು ಕೂಡುವ ಸಂದಿಗಳನ್ನು ಮುಚ್ಚುವ ರಬ್ಬರಿನ ಬಳೆಗಳು ಚಳಿಯಲ್ಲಿ ಬಿರುಸಾಗಿ, ಬಿಸಿ ಅನಿಲವನ್ನು ತಡೆಯಲಾರವೆಂಬುದು ಅವರ ಭಯ. ಅದುವರೆಗೆ ಹಾರಿದ ನೌಕೆಗಳಲ್ಲಿ ಅತಿ ಚಳಿಯ ಸಂದಿಯ ಉಷ್ಣತೆ 53 ಡಿಗ್ರಿ ಫ್ಯಾರನ್‌ಹೀಟ್; ಅದಕ್ಕಿಂತ ಕಡಿಮೆಯಲ್ಲಿ ಹಾರಿಸಬೇಡಿರೆಂದು ಅವರು ಬಿನ್ನವಿಸಿದರು. ಮರುದಿನದ ಮುನ್ಸೂಚನೆಯಲ್ಲಿ ಹಿಮಗಟ್ಟುವ ಚಳಿಯಿತ್ತು. ಅವರಲ್ಲೊಬ್ಬರಾದ ರೋಜರ್ ಬೋಜೊಲೀ ಎಂಬುವರು ಅದಕ್ಕೆ ಆರು ತಿಂಗಳು ಮೊದಲೇ, 1985ರ ಜುಲೈ ತಿಂಗಳಲ್ಲಿ, ಈ ಬಳೆಗಳ ವಿಷಯವಾಗಿ ಎಚ್ಚರಿಕೆಯ ಪತ್ರವನ್ನು ಬರೆದಿದ್ದರು.

ಆ ಸಭೆಯಲ್ಲಿ ಎಲ್ಲರೂ ಎಲ್ಲವನ್ನೂ ಕೇಳಿದರು. ಆದರೆ ಪ್ರಶ್ನೆಯು ತಲೆಕೆಳಗಾಯಿತು. ಹಾರಿಸುವುದು ಕ್ಷೇಮವೆಂದು ಸಿದ್ಧಪಡಿಸಿರಿ ಎಂದು ಕೇಳುವುದು ಎಂದಿನ ರೂಢಿ. ಆ ರಾತ್ರಿ, ಕ್ಷೇಮವಲ್ಲವೆಂದು ಸಿದ್ಧಪಡಿಸುವ ಹೊರೆಯು ಇಂಜಿನಿಯರುಗಳ ಮೇಲೆ ಬಿತ್ತು. ಅವರ ಕಂಪನಿಯ ಆಡಳಿತದವರು ಸ್ವಲ್ಪ ಹೊತ್ತು ತಮ್ಮತಮ್ಮಲ್ಲಿಯೇ ಮಾತನಾಡಿಕೊಂಡು, ಕೊಟ್ಟ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡರು. ಮರುದಿನ ನೌಕೆಯು ಹಾರಿ 73 ಸೆಕೆಂಡುಗಳಲ್ಲಿ ಒಡೆದುಹೋಯಿತು. ಏಳು ಜನರು ಮಡಿದರು. ತಂತಿಯು ಮಾತನ್ನು ಬೇಗ ಮುಟ್ಟಿಸಬಹುದು, ಮನಸ್ಸಿನ ಬಾಗಿಲನ್ನು ಅದು ತೆರೆಯಲಾರದು. ತನಗೆ ಬೇಕಾದ ಉತ್ತರವನ್ನು ಮೊದಲೇ ಗೊತ್ತುಮಾಡಿಕೊಂಡು ಕುಳಿತವನಿಗೆ ಎಷ್ಟು ಹೇಳಿದರೂ ಅದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆಯೇ ಸರಿ.

ದೂರದೇಶದ ದೊಡ್ಡವರ ತಪ್ಪುಗಳನ್ನು ಎಣಿಸುವುದು ಸುಲಭ. ಆದುದರಿಂದ ನಮ್ಮದೇ ಒಂದು ತಪ್ಪನ್ನು ಇಲ್ಲಿ ಹೇಳಿಬಿಡುವುದು ನ್ಯಾಯ. ಬಹಳ ವರ್ಷಗಳ ಹಿಂದೆ, ಕಾಲೇಜಿನಿಂದ ಹೊರಬಿದ್ದು ಎರಡು ವರ್ಷವೂ ತುಂಬದಿದ್ದಾಗ, ಬಯಲುಸೀಮೆಯ ಒಂದು ಹಳೆಯ ಕೆರೆಯ ಉಸ್ತುವಾರಿಯು ನಮಗೆ ಬಂದಿತ್ತು. ಆ ವರ್ಷ ಹಿಂಗಾರು ಚೆನ್ನಾಗಿ ಸುರಿದು ಕೆರೆಯು ಕೋಡಿ ಬೀಳುವುದಕ್ಕೆ ಒಂದಡಿ ಮಾತ್ರ ಉಳಿದಿತ್ತು. ಏರಿಯ ಹಿಂಬದಿಯಲ್ಲಿ, ತೂಬಿನ ಹತ್ತಿರ, ಬೆರಳು ಗಾತ್ರದ ಒಂದು ಜಿನುಗು ಇತ್ತು. ನಾವು ಅದಕ್ಕೆ ಕೊಡವಿಟ್ಟು, ಗಡಿಯಾರ ಹಿಡಿದು, ಎಷ್ಟು ಹೊತ್ತಿಗೆ ತುಂಬುವುದೆಂದು ಅಳೆದೆವು. ಹಿಂದಿನ ವಾರದಷ್ಟೇ ಇತ್ತು. ಪುಸ್ತಕದಲ್ಲಿ ‘ಸಾಧಾರಣ’ ಎಂದು ಬರೆದು ಹೊರಡುವುದರಲ್ಲಿದ್ದೆವು.

ಆಗ ಊರಿನ ನೀರುಗಂಟಿಯು ಬಂದು ಕೈಕಟ್ಟಿ ನಿಂತನು. ಎಪ್ಪತ್ತು ಮೀರಿದ ವೃದ್ಧ. “ಬುದ್ಧಿ, ಇಷ್ಟು ವರ್ಷದಿಂದ ಈ ಜಿನುಗಿನ ನೀರೇ ಕುಡೀತಿದ್ದೆ. ಇವತ್ತು ಕುಡಿಯೋಕಾಗ್ತಾ ಇಲ್ಲ” ಎಂದನು. ನಮಗೆ ನಗು ಬಂತು. “ಊರ ಬಾವಿ ಇಲ್ಲವೇನಯ್ಯ, ಅಲ್ಲಿಯ ನೀರು ಕುಡಿಯಬಾರದೇ?” ಎಂದೆವು. ಆತನು ಇನ್ನೇನೋ ಹೇಳಬೇಕೆಂದು ಬಾಯಿ ತೆರೆದು, ನಾವು ಸೈಕಲ್ಲಿನ ಕಡೆಗೆ ತಿರುಗಿದುದನ್ನು ಕಂಡು ಸುಮ್ಮನಾದನು.

ಕೇಳುವವರಿಗೆ ಅರ್ಥವಾಗಿರಬಹುದು, ನಮಗೆ ಆಗಲಿಲ್ಲ. ಮಣ್ಣಿನ ಏರಿಯಲ್ಲಿ ಸ್ವಲ್ಪ ನೀರು ಒಸರುವುದು ಸಹಜವಾದುದು. ಒಸರುವ ನೀರು ತಿಳಿಯಾಗಿರುವವರೆಗೆ, ಅದು ಮಣ್ಣಿನ ಕಣಗಳ ಸಂದಿಯಲ್ಲಿ ಹಾದು ಬರುತ್ತದೆಯೇ ಹೊರತು ಮಣ್ಣನ್ನು ಹೊತ್ತು ತರುವುದಿಲ್ಲ. ನೀರು ಎಂದು ಕದಡಿತೋ ಅಂದಿನಿಂದ ಏರಿಯ ಒಡಲಿನ ಮಣ್ಣೇ ಹೊರಗೆ ಹೋಗುತ್ತಿದೆಯೆಂದು ಅರ್ಥ. ಹೊರಗಿನ ಬಾಯಿಯಿಂದ ಆರಂಭವಾದ ಬಿಲವು ಹಿಂದು ಹಿಂದಕ್ಕೆ ಕೊರೆಯುತ್ತ ಕೆರೆಯ ನೀರನ್ನು ಮುಟ್ಟಿದೊಡನೆ ಏರಿಯು ಒಡೆಯುತ್ತದೆ. ಇದನ್ನು ನಾವು ಪುಸ್ತಕದಲ್ಲಿ ಓದಿದ್ದೆವು, ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಕುಡಿಯಲಾಗುತ್ತಿಲ್ಲವೆಂಬ ಮಾತು ಅದೇ ವಿಷಯವೆಂದು ಹೊಳೆಯಲಿಲ್ಲ. ಕೊಡವನ್ನೂ ಗಡಿಯಾರವನ್ನೂ ನೋಡಿದ ನಾವು, ಕೊಡದೊಳಗಿನ ನೀರಿನ ಬಣ್ಣವನ್ನು ನೋಡಿರಲಿಲ್ಲ. ಆ ಹೊತ್ತಿನಲ್ಲಿ ತಿಳಿದಿದ್ದರೆ, ಜಿನುಗಿನ ಬಾಯಿಗೆ ಮರಳನ್ನೂ ಅದರ ಮೇಲೆ ಜಲ್ಲಿಯನ್ನೂ ಪದರ ಪದರವಾಗಿ ಹಾಕಿ, ನೀರನ್ನು ಬಿಟ್ಟು ಮಣ್ಣನ್ನು ಮಾತ್ರ ತಡೆದು, ತೂಬೆತ್ತಿ ಕೆರೆಯ ಮಟ್ಟವನ್ನು ಇಳಿಸಬಹುದಾಗಿತ್ತು.

ಆ ರಾತ್ರಿ ಏರಿಯು ಒಡೆಯಿತು. ಅಚ್ಚುಕಟ್ಟಿನ ಗದ್ದೆಗಳು, ತೆನೆ ಬಂದಿದ್ದ ಬತ್ತದೊಡನೆ, ಮರಳಿನಲ್ಲಿ ಹೂತುಹೋದುವು. ಜೀವಹಾನಿಯಾಗಲಿಲ್ಲ, ಅದಕ್ಕೆ ಕಾರಣ ನಾವಲ್ಲ. ನಾವು ಹೋದ ಮೇಲೆ ಆ ವೃದ್ಧನು ತಗ್ಗಿನ ಗುಡಿಸಲುಗಳಿಗೆ ಒಂದೊಂದಾಗಿ ಹೋಗಿ, ಮಕ್ಕಳನ್ನೂ ದನಗಳನ್ನೂ ದಿಬ್ಬದ ಮೇಲಿನ ಗುಡಿಗೆ ಸಾಗಿಸಿದ್ದನು. ಆ ಬಡವರು ಆತನ ಮಾತನ್ನು ಒಮ್ಮೆಗೇ ತಿಳಿದುಕೊಂಡಿದ್ದರು. ಬೆಳಗ್ಗೆ ನಾವು ಓಡಿ ಬಂದಾಗ ಆತನು ಒಡೆದ ಏರಿಯ ಮೇಲೆ ಕುಳಿತಿದ್ದನು. ನಮ್ಮನ್ನು ಬಯ್ಯುವನೆಂದು ನಿರೀಕ್ಷಿಸಿದ್ದೆವು. ಆತನು ಎದ್ದು ನಿಂತು, “ನಂಗೇ ಸರಿಯಾಗಿ ಹೇಳೋಕೆ ಬರಲಿಲ್ಲವೇನೋ ಬುದ್ಧಿ” ಎಂದನು. ಬೈಗುಳವನ್ನು ನಾವು ಎಂದೋ ಮರೆಯುತ್ತಿದ್ದೆವು. ಈ ಮಾತನ್ನು ಮರೆತಿಲ್ಲ.

ಕದಡಿದ ನೀರಿನ ಎಚ್ಚರಿಕೆಯು ಎಷ್ಟು ಅಲ್ಪಕಾಲದ್ದೆಂಬುದಕ್ಕೆ ಅಮೆರಿಕದ ಐಡಹೋ ಪ್ರಾಂತದ ಟೀಟನ್ ಅಣೆಕಟ್ಟು ನಿದರ್ಶನವಾಗಿದೆ. 1976ನೆಯ ಇಸವಿ ಜೂನ್ 5ರ ಬೆಳಗ್ಗೆ ಅಲ್ಲಿ ಕದಡಿದ ನೀರು ಕಾಣಿಸಿತು. ರಂಧ್ರವನ್ನು ಮುಚ್ಚಲು ಹೋದ ಮಣ್ಣು ದೂಡುವ ಯಂತ್ರಗಳು ಅದರೊಳಗೇ ಬಿದ್ದು ಹೋದುವು. ಮಧ್ಯಾಹ್ನ ಹನ್ನೆರಡಕ್ಕೆ ಮೂರು ನಿಮಿಷವಿರುವಾಗ ಕಟ್ಟೆಯು ಒಡೆಯಿತು. 11 ಮಂದಿ ಸತ್ತರು. ಬೆಳಗಿನಿಂದ ಮಧ್ಯಾಹ್ನದವರೆಗೆ ಅಲ್ಲಿ ಸಿಕ್ಕಿದ ಅವಧಿ ಅಷ್ಟೇ. ನಮ್ಮ ನೀರುಗಂಟಿಯು ನಮಗೆ ಅದಕ್ಕಿಂತ ಹೆಚ್ಚು ಕಾಲವನ್ನು ಕೊಟ್ಟಿದ್ದನು.

ಕೇಳುವುದು ವಿದ್ಯೆಯೆಂದ ಮೇಲೆ ಅದಕ್ಕೆ ಅಭ್ಯಾಸಕ್ರಮವೂ ಇರಬೇಕು. ನಮಗೆ ಅನುಭವದಿಂದ ತಿಳಿದ ನಾಲ್ಕು ಮಾತುಗಳನ್ನು ಕಿರಿಯರ ಉಪಯೋಗಕ್ಕೆಂದು ಹೇಳುತ್ತೇವೆ.

ಮೊದಲನೆಯದು, ಪ್ರಶ್ನೆಯನ್ನು ಕೇಳುವ ರೀತಿ. ಕೆಲಸದ ಸ್ಥಳಕ್ಕೆ ಹೋಗಿ ‘ಎಲ್ಲಾ ಸರಿಯಾಗಿದೆಯೇ?’ ಎಂದರೆ ‘ಸರಿಯಾಗಿದೆ ಸ್ವಾಮಿ’ ಎಂಬುದಲ್ಲದೆ ಬೇರೆ ಉತ್ತರವು ಬರುವುದಿಲ್ಲ; ಅದು ಪ್ರಶ್ನೆಯಲ್ಲ, ನಮಸ್ಕಾರಕ್ಕೆ ಪ್ರತಿನಮಸ್ಕಾರ. ‘ನಿನ್ನೆಗೂ ಇಂದಿಗೂ ಏನು ಬದಲಾಗಿದೆ?’ ಎಂದು ಕೇಳಿರಿ. ದಿನವೂ ಅದೇ ಯಂತ್ರದೊಡನೆ ಇರುವವನು ಬದಲಾವಣೆಯನ್ನು ಮೊದಲು ಬಲ್ಲವನು. ಆತನು ಅದನ್ನು ನಮ್ಮ ಶಾಸ್ತ್ರದ ಭಾಷೆಯಲ್ಲಿ ಹೇಳುವುದಿಲ್ಲ. ಕುಡಿಯಲಾಗುವುದಿಲ್ಲವೆಂದೋ ಯಂತ್ರವು ಕೆಮ್ಮುತ್ತಿದೆಯೆಂದೋ ಹೇಳುತ್ತಾನೆ. ಅದನ್ನು ಶಾಸ್ತ್ರದ ಭಾಷೆಗೆ ತಿರುಗಿಸುವುದು ನಮ್ಮ ಕೆಲಸ. ಸಂಬಳವನ್ನು ಪಡೆಯುವುದು ಅದಕ್ಕಾಗಿಯೇ.

ಎರಡನೆಯದು, ಕೇಳಿದುದನ್ನು ಹೇಳಿದವನಿಗೆ ತಿರುಗಿ ಹೇಳುವುದು. ‘ನೀನು ಹೇಳಿದುದು ಹೀಗೆ ತಾನೆ?’ ಎಂಬ ನಾಲ್ಕು ಶಬ್ದಗಳಿಗೆ ಅರ್ಧ ನಿಮಿಷವೂ ಬೇಡ. 1977ನೆಯ ಇಸವಿ ಮಾರ್ಚ್ 27ರಂದು ಟೆನರಿಫ್ ದ್ವೀಪದಲ್ಲಿ ಮಂಜು ಮುಸುಕಿದ ವಿಮಾನನಿಲ್ದಾಣದಲ್ಲಿ ಎರಡು ದೊಡ್ಡ ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ಹಾರಲು ಓಡತೊಡಗಿದ್ದ ವಿಮಾನದ ಇಂಜಿನಿಯರು, ಇನ್ನೊಂದು ವಿಮಾನವು ಓಡುದಾರಿಯಿಂದ ಸರಿದಿದೆಯೇ ಎಂದು ತನ್ನ ಮುಖ್ಯಸ್ಥನನ್ನು ಕೇಳಿದನು. ಅನುಭವಸ್ಥನಾದ ಆ ಮುಖ್ಯಸ್ಥನು ಸರಿದಿದೆಯೆಂದು ಒತ್ತಿ ಹೇಳಿ ಮುಂದೆ ನಡೆಸಿದನು. ಆ ಪ್ರಶ್ನೆಯನ್ನು ಪ್ರಶ್ನೆಯೆಂದೇ ಸ್ವೀಕರಿಸಿದ್ದರೆ ಕೆಲವು ಕ್ಷಣಗಳು ಉಳಿದಿದ್ದುವು. ಅಂದಿನಿಂದ ಮುಂದೆ, ಅಪ್ಪಣೆಯ ಮಾತುಗಳನ್ನು ಗೊತ್ತಾದ ಶಬ್ದಗಳಲ್ಲಿ ತಿರುಗಿ ಹೇಳುವ ನಿಯಮವನ್ನು ವಿಮಾನದವರು ಬಿಗಿಗೊಳಿಸಿದರು. ಕಿರಿಯರು ಹೇಳಲೂ ಹಿರಿಯರು ಕೇಳಲೂ ತರಪೇತು ಕೊಡತೊಡಗಿದರು.

ಮೂರನೆಯದು, ಹೇಳಿದವರ ಅಂತಸ್ತನ್ನು ಮರೆಯುವುದು. 1978ನೆಯ ಇಸವಿಯಲ್ಲಿ ವಿಲಿಯಂ ಲೆಮೆಷರ್ ಎಂಬ ಪ್ರಸಿದ್ಧ ಇಂಜಿನಿಯರು, ನ್ಯೂಯಾರ್ಕಿನಲ್ಲಿ ತಾವು ರಚಿಸಿ ಆಗಲೇ ಬಳಕೆಗೆ ಬಂದಿದ್ದ 59 ಅಂತಸ್ತಿನ ಕಟ್ಟಡದ ಲೆಕ್ಕವನ್ನು ಮತ್ತೊಮ್ಮೆ ಹಾಕಿದರು. ವಿದ್ಯಾರ್ಥಿಯೊಬ್ಬರ ಪ್ರಶ್ನೆಯೇ ತಮ್ಮನ್ನು ಆ ಲೆಕ್ಕಕ್ಕೆ ತಿರುಗಿಸಿತೆಂದು ಅವರು ತಾವೇ ಹೇಳಿಕೊಂಡಿದ್ದಾರೆ. ಮೂಲೆಯ ಕಡೆಯಿಂದ ಬೀಸುವ ಬಿರುಗಾಳಿಗೆ ಬೋಲ್ಟು ಹಾಕಿದ ಕೀಲುಗಳು ಸಾಲವೆಂದು ಕಂಡುಬಂತು. ಅವರು ಅದನ್ನು ಮುಚ್ಚಿಡದೆ ಮಾಲೀಕರಿಗೆ ತಿಳಿಸಿ, ರಾತ್ರಿಯ ಹೊತ್ತುಗಳಲ್ಲಿ ಕೀಲುಗಳಿಗೆ ಉಕ್ಕಿನ ತಗಡುಗಳನ್ನು ಬೆಸೆಯಿಸಿದರು. ಒಳಗಿದ್ದ ಜನರಿಗೂ ಊರಿನವರಿಗೂ ಈ ಸಂಗತಿಯು 1995ರವರೆಗೆ ತಿಳಿಯಲಿಲ್ಲವೆಂಬುದು ಈ ಕಥೆಯ ಕುಂದು. ಕೇಳುವ ಧರ್ಮದಷ್ಟೇ ಹೇಳುವ ಧರ್ಮವೂ ಉಂಟು. ಆದರೂ ಆ ಕಟ್ಟಡವು ನಿಂತಿದೆ.

ನಾಲ್ಕನೆಯದು, ಹೇಳಿದವನಿಗೆ ಉತ್ತರವನ್ನು ಮುಟ್ಟಿಸುವುದು. ಒಬ್ಬನು ದೋಷವೊಂದನ್ನು ತಿಳಿಸಿದರೆ, ಅದರಿಂದ ಏನಾಯಿತೆಂಬುದು ಅವನಿಗೆ ಗೊತ್ತಾಗಬೇಕು. ದೋಷವಿರಲಿಲ್ಲವಾದರೆ, ಏಕಿರಲಿಲ್ಲವೆಂಬುದನ್ನು ಸಮಾಧಾನದಿಂದ ಹೇಳಬೇಕು. ಎರಡು ಸಲ ಹೇಳಿ ಎರಡು ಸಲವೂ ಉತ್ತರವನ್ನು ಕಾಣದವನು ಮೂರನೆಯ ಸಲ ಬಾಯಿ ತೆರೆಯುವುದಿಲ್ಲ. ಅನಾಹುತವು ಆ ಮೂರನೆಯ ಸಲಕ್ಕಾಗಿಯೇ ಕಾದಿರುತ್ತದೆ.

ಕೇಳಿದುದನ್ನೆಲ್ಲ ಒಪ್ಪಬೇಕೆಂದು ನಾವು ಹೇಳುತ್ತಿಲ್ಲ. ಮೇಸ್ತ್ರಿಯೂ ತಪ್ಪಬಹುದು, ನೀರುಗಂಟಿಯೂ ತಪ್ಪಬಹುದು. ಹತ್ತು ಎಚ್ಚರಿಕೆಗಳಲ್ಲಿ ಒಂಬತ್ತು ಹುಸಿಯಾಗಲೂಬಹುದು. ಕೊನೆಯ ತೀರ್ಪನ್ನು ಅಳತೆಯೂ ಲೆಕ್ಕವೂ ಕೊಡಬೇಕು. ಆದರೆ ಯಾವುದನ್ನು ಅಳೆಯಬೇಕೆಂಬುದನ್ನು ತಿಳಿಸುವುದು ಕಿವಿ. ಒಂಬತ್ತು ಹುಸಿ ಎಚ್ಚರಿಕೆಗಳಿಗೆ ತಗಲುವ ವೆಚ್ಚವು ಒಂಬತ್ತು ಗಂಟೆಗಳ ನಡಿಗೆ ಮತ್ತು ಪರೀಕ್ಷೆ. ಹತ್ತನೆಯದನ್ನು ಕೇಳದಿದ್ದರೆ ತಗಲುವ ವೆಚ್ಚವನ್ನು ಇದುವರೆಗೆ ವಿವರಿಸಿದ್ದೇವೆ.

ಕ್ವಿಬೆಕ್ ಸೇತುವೆಯನ್ನು ಮತ್ತೆ ಕಟ್ಟಿದರು. 1916ರಲ್ಲಿ ನಡುವಿನ ಭಾಗವನ್ನೆತ್ತುವಾಗ ಅದು ಮತ್ತೊಮ್ಮೆ ಬಿದ್ದು 13 ಮಂದಿ ಸತ್ತರು. 1917ರಲ್ಲಿ ಪೂರ್ತಿಯಾಗಿ, ಇಂದಿಗೂ ರೈಲುಗಳನ್ನು ಹೊತ್ತು ನಿಂತಿದೆ. ನಮ್ಮ ಕೆರೆಯ ಏರಿಯನ್ನೂ ಮರುವರ್ಷ ಕಟ್ಟಿದೆವು. ಕೆಲಸ ಮುಗಿದ ದಿನ ಆ ವೃದ್ಧನನ್ನು ಕರೆದುಕೊಂಡು ಏರಿಯ ಹಿಂಬದಿಯ ಉದ್ದಕ್ಕೂ ನಡೆದೆವು. ಎಲ್ಲಿ ನೋಡಬೇಕು, ಏನನ್ನು ನೋಡಬೇಕು ಎಂಬುದನ್ನು ಆತನು ಹೇಳುತ್ತ ಬಂದನು. ನಾವು ಪುಸ್ತಕ ಹಿಡಿದು, ಆತನ ಮಾತುಗಳಲ್ಲಿಯೇ ಬರೆದುಕೊಳ್ಳುತ್ತ ಹೋದೆವು. ಸಂಜೆಯಾದ ಮೇಲೆ ತೂಬಿನ ಬಳಿ ಹೊಸ ಜಿನುಗೊಂದು ಕಂಡಿತು. ಆತನು ಬೊಗಸೆಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿ, ಕುಡಿದನು. ಆಮೇಲೆ ನಾವೂ ಕುಡಿದೆವು.